ನವೆಂಬರ್ 14ರಂದು ಹುಟ್ಟಿದ ಇನ್ನೊಬ್ಬರು

ನವೆಂಬರ್ 14 ಎಂದರೆ ನಮಗೆ ಮಕ್ಕಳ ದಿನಾಚರಣೆ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಂದು ಅಂಗಿಗೆ ಗುಲಾಬಿ ಸಿಕ್ಕಿಸಿಕೊಂಡು ನೆಹರೂ ವೇಷ ಹಾಕಿದವರು ನಮ್ಮಲ್ಲಿ ಹಲವರು ಇರಬೇಕು. ಅದೇ ದಿನ ಆಸ್ಪತ್ರೆಗಳಲ್ಲಿ ನೀಲಿ ವೃತ್ತದ ಚಿತ್ರ ಅಂಟಿಸಿರುತ್ತಾರೆ. ಅದು ವಿಶ್ವ ಮಧುಮೇಹ ದಿನದ ಗುರುತು. ನೆಹರೂ ಅವರಿಗೂ ಮಧುಮೇಹಕ್ಕೂ ಸಂಬಂಧವಿಲ್ಲ. 1889ರ ನವೆಂಬರ್ 14ರಂದು ಅಲಹಾಬಾದಿನಲ್ಲಿ ನೆಹರೂ ಹುಟ್ಟಿದರು. ಸರಿಯಾಗಿ ಎರಡು ವರ್ಷದ ನಂತರ, 1891ರ ನವೆಂಬರ್ 14ರಂದು, ಕೆನಡಾ ದೇಶದ ಅಲಿಸ್ಟನ್ ಎಂಬ ಊರಿನ ಹತ್ತಿರದ ಒಂದು ಹೊಲಮನೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. ವಿಶ್ವ ಮಧುಮೇಹ ದಿನ ನಡೆಯುವುದು ಇವರ ಹುಟ್ಟುಹಬ್ಬದಂದು.

ವಿಜ್ಞಾನ ವಿಭಾಗದ ನಾವು ದ್ವಿತೀಯ ಪಿಯುಸಿಯಲ್ಲಿ ಬ್ಯಾಕ್ಟೀರಿಯಾದಿಂದ ಇನ್ಸುಲಿನ್ ತಯಾರಿಸಿದ ಪಾಠ ಓದುತ್ತೇವೆ. ಎ ಸರಪಳಿ, ಬಿ ಸರಪಳಿ ಎಂದು ಚಿತ್ರ ಬರೆದು ಅಂಕ ಪಡೆಯುತ್ತೇವೆ. ಆ ಇನ್ಸುಲಿನ್ ಮೊದಲು ಯಾರಿಗೆ ಚುಚ್ಚಿದರು ಎಂದು ನಾನು ಹುಡುಕಿದಾಗ ಸಿಕ್ಕ ಉತ್ತರ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅವನು 14 ವರ್ಷದ ಹುಡುಗ. ನಮಗಿಂತ ಎರಡು ಮೂರು ವರ್ಷ ಚಿಕ್ಕವನು. ಸಕ್ಕರೆ ಕಾಯಿಲೆ ಎಂದರೆ ಅಜ್ಜ ಅಜ್ಜಿಯರಿಗೆ ಬರುವುದು ಎಂದು ತಿಳಿದಿದ್ದ ನನಗೆ ಬ್ಯಾಂಟಿಂಗ್ ಅವರ ಜೀವನ ಓದುವ ಮನಸ್ಸಾದದ್ದು ಆಗಲೇ. ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳೆಯರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಂಟಿಂಗ್ ರೈತರ ಮಗ. ಐದು ಮಕ್ಕಳಲ್ಲಿ ಕೊನೆಯವರು. ಓದಿನಲ್ಲಿ ಅಂಥ ಜಾಣರೇನೂ ಆಗಿರಲಿಲ್ಲ. ಕಾಗುಣಿತ ತಪ್ಪುವುದು ಅವರಿಗೆ ಕೊನೆಯವರೆಗೂ ಇದ್ದ ತೊಂದರೆ. 1910ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿಕ್ಟೋರಿಯಾ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿ ಮೊದಲ ವರ್ಷವೇ ನಪಾಸಾದರು. 1912ರಲ್ಲಿ ಅರ್ಜಿ ಹಾಕಿ ವೈದ್ಯಕೀಯ ವಿಭಾಗಕ್ಕೆ ಸೇರಿಕೊಂಡರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಸೈನ್ಯ ಸೇರಲು ಹೋದರೆ ಕಣ್ಣಿನ ದೋಷದ ಕಾರಣಕ್ಕೆ ಹಿಂದಕ್ಕೆ ಕಳಿಸಿದರು. ಆದರೆ ಯುದ್ಧ ಮುಂದುವರಿದಂತೆ ಸೈನ್ಯಕ್ಕೆ ವೈದ್ಯರು ಸಾಲದಾದರು. 1916ರ ಕೊನೆಗೆ ಪದವಿ ಕೈಗೆ ಬಂದ ಕೂಡಲೇ ಬ್ಯಾಂಟಿಂಗ್ ಸೈನ್ಯದ ವೈದ್ಯರಾದರು. 1918ರಲ್ಲಿ ಫ್ರಾನ್ಸಿನ ಕ್ಯಾಂಬ್ರೇ ಯುದ್ಧದಲ್ಲಿ ಅವರ ಬಲಗೈಗೆ ಗುಂಡಿನ ಚೂರು ಹೊಕ್ಕಿತು. ಆ ಕೈಯಲ್ಲೇ ಗಂಟೆಗಟ್ಟಲೆ ಉಳಿದ ಗಾಯಾಳುಗಳ ಶುಶ್ರೂಷೆ ಮಾಡಿದರು. ಅದಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಬಂತು.

ಪದಕದಿಂದ ಹೊಟ್ಟೆ ತುಂಬುವುದಿಲ್ಲ. ಊರಿಗೆ ಮರಳಿ ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಕಲಿತರೂ ಅಲ್ಲಿ ಕಾಯಂ ಕೆಲಸ ಸಿಗಲಿಲ್ಲ. 1920ರ ಜುಲೈನಲ್ಲಿ ಕೆನಡಾದ್ದೇ ಆದ ಲಂಡನ್ ಎಂಬ ಪಟ್ಟಣದಲ್ಲಿ (ಇಂಗ್ಲೆಂಡಿನ ಲಂಡನ್ ಅಲ್ಲ) ಸ್ವಂತ ದವಾಖಾನೆ ತೆರೆದರು. ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಗಳಿಕೆ 4 ಡಾಲರ್. ಖರ್ಚು ತೂಗಿಸಲು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅರೆಕಾಲಿಕ ಪಾಠ ಹೇಳುವ ಕೆಲಸ ಹಿಡಿದರು.

ಆ ಪಾಠದ ತಯಾರಿಯೇ ಮುಂದಿನದಕ್ಕೆಲ್ಲ ಕಾರಣವಾಯಿತು. 1920ರ ಅಕ್ಟೋಬರ್ 30ರ ರಾತ್ರಿ ಮೇದೋಜೀರಕ ಗ್ರಂಥಿಯ ಬಗ್ಗೆ ಒಂದು ಲೇಖನ ಓದಿ ಮಲಗಿದವರಿಗೆ ನಿದ್ದೆ ಬರಲಿಲ್ಲ. 31ರ ನಸುಕಿನಲ್ಲಿ, ಸುಮಾರು ಎರಡು ಗಂಟೆಗೆ, ಎದ್ದು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ಪ್ರಯೋಗದ ಯೋಚನೆ ಬರೆದಿಟ್ಟರು. ಜಗತ್ತಿನ ವೈದ್ಯಕೀಯವನ್ನೇ ಬದಲಿಸಿದ ಆ ಕೆಲವು ಸಾಲುಗಳಲ್ಲಿ ಡಯಾಬಿಟಿಸ್ ಎಂಬ ಪದದ ಕಾಗುಣಿತವೇ ತಪ್ಪಾಗಿದೆ. ಪರೀಕ್ಷೆಯಲ್ಲಾಗಿದ್ದರೆ ಕೆಂಪು ಗೆರೆ ಬೀಳುತ್ತಿತ್ತು.

ಯೋಚನೆ ಏನು ಎಂದು ಹೇಳುವ ಮೊದಲು ಕಾಯಿಲೆಯ ಬಗ್ಗೆ ಒಂದೆರಡು ಮಾತು. ಇದು ಹೊಸ ಕಾಯಿಲೆಯಲ್ಲ. ನಮ್ಮ ಆಯುರ್ವೇದದವರು ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಮಧುಮೇಹ ಎಂದು ಹೆಸರಿಟ್ಟರು. ಎರಡನೇ ಶತಮಾನದ ಗ್ರೀಕ್ ವೈದ್ಯ ಅರೆಟೇಯಸ್, ರೋಗಿಯ ಮೈಯ ಮಾಂಸವೇ ಕರಗಿ ಮೂತ್ರವಾಗಿ ಹರಿದುಹೋಗುವ ರೋಗವೆಂದು ಇದನ್ನು ವರ್ಣಿಸಿದ. ಸುಮಾರು ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಈ ರೋಗದ ಲಕ್ಷಣಗಳನ್ನು ದಾಖಲಿಸಿದರು. ಲಕ್ಷಣ ಎಲ್ಲರಿಗೂ ಗೊತ್ತಿತ್ತು, ಮದ್ದು ಯಾರಿಗೂ ಗೊತ್ತಿರಲಿಲ್ಲ. 1889ರಲ್ಲಿ ಜರ್ಮನಿಯ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ಇಬ್ಬರು, ನಾಯಿಯ ಮೇದೋಜೀರಕ ಗ್ರಂಥಿ ತೆಗೆದುಹಾಕಿದರೆ ಅದಕ್ಕೆ ಮಧುಮೇಹ ಬರುತ್ತದೆಂದು ತೋರಿಸಿದರು. ಅಂದರೆ ಆ ಗ್ರಂಥಿಯಲ್ಲಿರುವ ಯಾವುದೋ ರಸ ರಕ್ತದ ಸಕ್ಕರೆಯನ್ನು ಹದದಲ್ಲಿಡುತ್ತದೆ. ಆ ರಸವನ್ನು ಹೊರತೆಗೆಯಲು ಹಲವರು ಹೆಣಗಿದರು. ಗ್ರಂಥಿಯನ್ನು ಅರೆದರೆ ಅದರದ್ದೇ ಜೀರ್ಣರಸ ಇದನ್ನು ಹಾಳುಮಾಡಿಬಿಡುತ್ತದೆ ಎಂದು ಬ್ಯಾಂಟಿಂಗ್ ಭಾವಿಸಿದ್ದರು. ನಾಳವನ್ನು ಕಟ್ಟಿಬಿಟ್ಟರೆ ಜೀರ್ಣರಸದ ಭಾಗ ಬತ್ತಿ, ಬೇಕಾದ ಭಾಗ ಉಳಿದೀತು ಎಂಬುದು ಅವರ ಆ ರಾತ್ರಿಯ ಯೋಚನೆ. ನಾಳ ಕಟ್ಟುವ ಅಗತ್ಯವೇ ಇರಲಿಲ್ಲ ಎಂದು ಮುಂದೆ ಗೊತ್ತಾಯಿತು. ತಪ್ಪು ದಾರಿಯಲ್ಲಿ ಹೊರಟು ಸರಿಯಾದ ಊರು ಮುಟ್ಟಿದ ಕಥೆ ಇದು.

ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮೆಕ್ಲಾಯ್ಡ್ ಅವರ ಬಳಿ ಹೋಗಿ ಪ್ರಯೋಗಾಲಯ ಕೇಳಿದರು. ಸಂಶೋಧನೆಯ ಅನುಭವವಿಲ್ಲದ ಈ ಹಳ್ಳಿಯ ವೈದ್ಯನ ಮೇಲೆ ಮೆಕ್ಲಾಯ್ಡ್ ಅವರಿಗೆ ಹೆಚ್ಚು ನಂಬಿಕೆ ಇರಲಿಲ್ಲ. ಆದರೂ ಒಂದು ಕೋಣೆ, ಕೆಲವು ನಾಯಿಗಳು ಮತ್ತು ಒಬ್ಬ ವಿದ್ಯಾರ್ಥಿ ಸಹಾಯಕನನ್ನು ಕೊಟ್ಟರು. ಸಹಾಯಕರಾಗಲು ಇಬ್ಬರು ವಿದ್ಯಾರ್ಥಿಗಳಿದ್ದರು. ಮೊದಲು ಯಾರು ಎಂದು ನಾಣ್ಯ ಚಿಮ್ಮಿದಾಗ ಚಾರ್ಲ್ಸ್ ಬೆಸ್ಟ್ ಗೆದ್ದರು. ಅವರಿಗೆ ಆಗ 22 ವರ್ಷ. 1921ರ ಮೇ ತಿಂಗಳಲ್ಲಿ ಕೆಲಸ ಶುರುವಾಯಿತು. ಬ್ಯಾಂಟಿಂಗ್ ಅವರಿಗೆ ಸಂಬಳವಿಲ್ಲ. ಸೆಕೆಗಾಲ, ಮೇಲ್ಮಹಡಿಯ ಕೋಣೆ, ಒಂದರ ಹಿಂದೆ ಒಂದು ನಾಯಿ ಸಾಯುತ್ತಿತ್ತು. ಜುಲೈ 30ರಂದು ಮೊದಲ ಸಲ ಒಂದು ಮಧುಮೇಹಿ ನಾಯಿಗೆ ತಾವು ತೆಗೆದ ರಸ ಚುಚ್ಚಿದರು. ಅದರ ರಕ್ತದ ಸಕ್ಕರೆ ಇಳಿಯಿತು.

ಮುಂದೆ ಅವರನ್ನು ಕಾಪಾಡಿದ್ದು ಹೊಲಮನೆಯ ತಿಳಿವಳಿಕೆ. ನಾಯಿಗಳಿಂದ ಸಿಗುವ ರಸ ಸಾಲುತ್ತಿರಲಿಲ್ಲ. ಕಸಾಯಿಖಾನೆಗೆ ಕಳಿಸುವ ಮುನ್ನ ಆಕಳು ಚೆನ್ನಾಗಿ ಮೈದುಂಬಲಿ ಎಂದು ಅಲ್ಲಿನ ರೈತರು ಅದನ್ನು ಗಬ್ಬ ಮಾಡಿಸುತ್ತಿದ್ದರು. ರೈತರ ಮಗನಾದ ಬ್ಯಾಂಟಿಂಗ್ ಅವರಿಗೆ ಇದು ಗೊತ್ತಿತ್ತು. ಹಾಗಾದರೆ ಕಸಾಯಿಖಾನೆಯಲ್ಲಿ ಹುಟ್ಟದ ಕರುಗಳ ಮೇದೋಜೀರಕ ಗ್ರಂಥಿ ಸಿಗಬೇಕು, ಅದರಲ್ಲಿ ಜೀರ್ಣರಸ ಇನ್ನೂ ಹುಟ್ಟಿರುವುದಿಲ್ಲ ಎಂದು ಲೆಕ್ಕ ಹಾಕಿದರು. ಲೆಕ್ಕ ಸರಿಹೋಯಿತು. ಆಮೇಲೆ ಬೆಳೆದ ದನಗಳ ಗ್ರಂಥಿಯಿಂದಲೇ ರಸ ತೆಗೆಯುವುದನ್ನೂ ಕಲಿತರು. ಡಿಸೆಂಬರಿನಲ್ಲಿ ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ಶಾಸ್ತ್ರಜ್ಞರು ಬಂದು ಸೇರಿಕೊಂಡರು.

ಈಗ ಆ ಹುಡುಗನ ವಿಷಯ. ಹೆಸರು ಲೆನಾರ್ಡ್ ಥಾಂಪ್ಸನ್. 1921ರ ಡಿಸೆಂಬರಿನಲ್ಲಿ ಅವನ ತಂದೆ ಅವನನ್ನು ಟೊರಾಂಟೊ ಜನರಲ್ ಆಸ್ಪತ್ರೆಗೆ ಸೇರಿಸಿದಾಗ ಅವನ ತೂಕ 65 ಪೌಂಡ್, ಅಂದರೆ 29 ಕಿಲೊ. ಆಗ ಇದ್ದ ಒಂದೇ ಚಿಕಿತ್ಸೆ ಉಪವಾಸ. ಆಹಾರ ಕಡಿಮೆ ಕೊಟ್ಟರೆ ರಕ್ತದಲ್ಲಿ ಸಕ್ಕರೆ ಕಡಿಮೆ ಇರುತ್ತದೆ, ಸಾವು ಕೆಲವು ತಿಂಗಳು ಮುಂದಕ್ಕೆ ಹೋಗುತ್ತದೆ, ಅಷ್ಟೆ. ಲೆನಾರ್ಡ್‌ಗೆ ದಿನಕ್ಕೆ ಸಿಗುತ್ತಿದ್ದದ್ದು 450 ಕ್ಯಾಲೊರಿ. 1922ರ ಜನವರಿ 11ರಂದು ಅವನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಫಲ ಸಿಗಲಿಲ್ಲ. ಚುಚ್ಚಿದ ಜಾಗದಲ್ಲಿ ಕೀವಾಯಿತು, ಸಕ್ಕರೆ ಸ್ವಲ್ಪವೇ ಇಳಿಯಿತು. ಕಾಲಿಪ್ ಹಗಲು ರಾತ್ರಿ ಕುಳಿತು ರಸವನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಚುಚ್ಚಿದರು. 520 ಇದ್ದ ಸಕ್ಕರೆ ಒಂದು ದಿನದೊಳಗೆ 120ಕ್ಕೆ ಬಂತು. ಹುಡುಗ ಎದ್ದು ಕುಳಿತ, ಮುಖಕ್ಕೆ ಕಳೆ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಲೆನಾರ್ಡ್‌ಗೆ ಬಂದಿದ್ದನ್ನು ಇಂದು ಟೈಪ್ 1 ಮಧುಮೇಹ ಎನ್ನುತ್ತಾರೆ. ಹೆಚ್ಚಾಗಿ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಬರುವುದು ಇದೇ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಸಿಹಿ ಹೆಚ್ಚು ತಿಂದದ್ದಕ್ಕೆ ಬರುವುದಲ್ಲ, ತಾಯಿ ಲಕ್ಷ್ಯ ಕೊಡದ್ದಕ್ಕೆ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಬರಬಹುದು. ದೊಡ್ಡವರ ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಇದು ಹಾಗಲ್ಲ. ಕೆಲವೇ ವಾರಗಳಲ್ಲಿ ಆರೋಗ್ಯವಾಗಿದ್ದವರನ್ನು ಹಾಸಿಗೆ ಹಿಡಿಸುತ್ತದೆ. ಲೆನಾರ್ಡ್‌ನ ಕಾಲದಲ್ಲಿ ಮದ್ದಿರಲಿಲ್ಲ. ನಮ್ಮ ಕಾಲದಲ್ಲಿ ಮದ್ದಿದೆ, ಆದರೆ ಇದು ಸಕ್ಕರೆ ಕಾಯಿಲೆ ಎಂದು ಹತ್ತಿರದವರಿಗೆ ಹೊಳೆಯುವುದರೊಳಗೆ ತಡವಾಗಿಬಿಡಬಹುದು. ಅದಕ್ಕೆ ಲಕ್ಷಣಗಳನ್ನು ನಮ್ಮ ತರಗತಿಯಲ್ಲೇ ಇಟ್ಟು ನೋಡೋಣ.

ಮೊರಬದಿಂದಲೋ ಅಳಗವಾಡಿಯಿಂದಲೋ ಬೆಳಗಿನ ಬಸ್ಸಿಗೆ ಬರುವ ಒಬ್ಬ ಹುಡುಗ ಇದ್ದಾನೆ ಎಂದುಕೊಳ್ಳಿ. ಮೊದಲು ಒಂದು ಬಾಟಲಿ ನೀರು ಸಂಜೆವರೆಗೆ ಸಾಲುತ್ತಿತ್ತು, ಈಗ ಎರಡನೇ ಪಿರಿಯಡ್ ಮುಗಿಯುವುದರೊಳಗೆ ಖಾಲಿ. ಪಾಠದ ನಡುವೆ ಮತ್ತೆ ಮತ್ತೆ ಎದ್ದು ಹೊರಗೆ ಹೋಗಲು ಕೇಳುತ್ತಾನೆ. ಹಿಂದಿನ ಬೆಂಚಿನವರು ನಗುತ್ತಾರೆ, ಗುರುಗಳು ಪಾಠ ತಪ್ಪಿಸಲು ನೆಪ ಎಂದು ಗದರುತ್ತಾರೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾನೆ. ಇಷ್ಟು ದೊಡ್ಡವನಾದ ಮೇಲೆ ಹಾಸಿಗೆ ಒದ್ದೆಯಾದದ್ದೂ ಉಂಟು, ಅದನ್ನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಎರಡು ರೊಟ್ಟಿ ತಿನ್ನುತ್ತಿದ್ದವನು ನಾಲ್ಕು ತಿಂದರೂ ಹಸಿವು ಎನ್ನುತ್ತಾನೆ, ಆದರೆ ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಬಿದ್ದಿದೆ. ಬೋರ್ಡಿನ ಅಕ್ಷರ ಮಸುಕು ಎನ್ನುತ್ತಾನೆ. ಕಬಡ್ಡಿ ಆಡುತ್ತಿದ್ದವನು ಮೆಟ್ಟಿಲು ಹತ್ತಿದರೆ ಸುಸ್ತು. ಹೊರಗೆ ಮೂತ್ರ ಹೋದ ಜಾಗಕ್ಕೆ ಇರುವೆ ಮುತ್ತುವುದನ್ನು ಅಜ್ಜಿ ಕಂಡಿರುತ್ತಾಳೆ. ಇವೆಲ್ಲ ಒಟ್ಟಿಗೆ ಕಾಣಲೇಬೇಕೆಂದಿಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ದಣಿವು, ಈ ನಾಲ್ಕರಲ್ಲಿ ಎರಡು ಸೇರಿದರೂ ಪರೀಕ್ಷೆ ಮಾಡಿಸಲು ಸಾಕು.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಕಷ್ಟ. ಹೊರಗೆ ಶೌಚಾಲಯಕ್ಕೆ ಹೋಗಲು ಸಂಕೋಚಪಟ್ಟು ಹಲವರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಹೀಗೆ ಬಾಯಾರಿಕೆಯನ್ನೂ ಮೂತ್ರವನ್ನೂ ತಡೆದುಕೊಂಡರೆ ಲಕ್ಷಣ ಯಾರ ಕಣ್ಣಿಗೂ ಬೀಳುವುದಿಲ್ಲ. ತೂಕ ಇಳಿದರೆ ಓದಿನ ಚಿಂತೆ ಎನ್ನುತ್ತಾರೆ, ಸುಸ್ತಾದರೆ ರಕ್ತಹೀನತೆ ಎನ್ನುತ್ತಾರೆ. ಪದೇ ಪದೇ ಬರುವ ತುರಿಕೆ ಅಥವಾ ಉರಿಮೂತ್ರವನ್ನು ತಾಯಿಯ ಬಳಿಯೂ ಹೇಳಿಕೊಳ್ಳಲು ನಾಚಿಕೆ. ಅದೂ ಒಂದು ಲಕ್ಷಣ ಎಂದು ತಿಳಿದಿರಲಿ.

ರಮಜಾನ್ ತಿಂಗಳಲ್ಲಂತೂ ರೋಜಾ ಇದ್ದವರಿಗೆ ಬಾಯಾರಿಕೆ, ಸುಸ್ತು ಸಹಜ ಎಂದು ಯಾರೂ ಗಮನಿಸುವುದಿಲ್ಲ. ಗಮನಿಸಬೇಕಾದ್ದು ಇಫ್ತಾರ್ ಆದ ಮೇಲೆ. ಹೊಟ್ಟೆ ತುಂಬ ನೀರು ಕುಡಿದರೂ ದಾಹ ಹೋಗದಿದ್ದರೆ, ತರಾವೀಹ್ ನಡುವೆ ಎರಡು ಸಲ ಎದ್ದು ಹೋಗಬೇಕಾದರೆ, ಹಗಲೆಲ್ಲ ನೀರಿಲ್ಲದಿದ್ದರೂ ಮೂತ್ರ ಕಡಿಮೆಯಾಗದಿದ್ದರೆ ಅದು ರೋಜಾದ ಸುಸ್ತಲ್ಲ. ಟೈಪ್ 1 ಇದೆ ಎಂದು ಗೊತ್ತಾದವರು ವೈದ್ಯರನ್ನು ಕೇಳದೆ ಉಪವಾಸ ಮಾಡುವುದು ಅಪಾಯ. ರೋಗಿಗಳಿಗೆ ನಮ್ಮ ಧರ್ಮದಲ್ಲೇ ರಿಯಾಯಿತಿ ಇದೆ ಎಂದು ಎಲ್ಲರಿಗೂ ಗೊತ್ತು, ಆದರೆ ಹದಿನೇಳು ವರ್ಷದವರು ಗೆಳೆಯರ ಎದುರು ಆ ರಿಯಾಯಿತಿ ಬಳಸಲು ಹಿಂಜರಿಯುತ್ತಾರೆ. ಮನೆಯ ಹಿರಿಯರು ಮತ್ತು ಮೌಲಾನಾ ಸಾಹೇಬರು ಒಂದು ಮಾತು ಹೇಳಿದರೆ ಆ ಹಿಂಜರಿಕೆ ಹೋಗುತ್ತದೆ.

ಇನ್ನು ನಮ್ಮ ಕಡೆಯ ಎರಡು ರೂಢಿಗಳ ಬಗ್ಗೆ ಹೇಳಲೇಬೇಕು. ದಾಹ ಎಂದಾಗ ಮನೆಯವರು ಪ್ರೀತಿಯಿಂದ ಶರಬತ್ತು, ಕಬ್ಬಿನ ಹಾಲು, ಕೂಲ್ ಡ್ರಿಂಕ್ಸ್ ಕುಡಿಸುತ್ತಾರೆ. ಸುಸ್ತು ಎಂದಾಗ ನೀರಿಗೆ ಗ್ಲೂಕೋಸ್ ಪುಡಿ ಕಲಸಿ ಕೊಡುತ್ತಾರೆ, ಇಲ್ಲವೇ ಹತ್ತಿರದ ದವಾಖಾನೆಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಚ್ಚಿಸಿಕೊಂಡು ಬರುತ್ತಾರೆ. ರಕ್ತದಲ್ಲಿ ಆಗಲೇ ಸಕ್ಕರೆ ತುಂಬಿ ಹರಿಯುತ್ತಿರುವವರಿಗೆ ಇದು ಉರಿಯುವ ಬಣವೆಗೆ ಎಣ್ಣೆ ಸುರಿದಂತೆ. ಬಾಟಲಿ ಹಚ್ಚುವ ಮೊದಲು ಒಮ್ಮೆ ಶುಗರ್ ನೋಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಗುರುತಿಸದೆ ಬಿಟ್ಟರೆ ಏನಾಗುತ್ತದೆ? ಇನ್ಸುಲಿನ್ ಇಲ್ಲದೆ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಕರಗಿಸತೊಡಗುತ್ತದೆ. ಅದರಿಂದ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರುತ್ತವೆ. ಹೊಟ್ಟೆನೋವು, ವಾಂತಿ, ಓಡಿ ಬಂದವರಂತೆ ಆಳವಾದ ಬಿರುಸಿನ ಉಸಿರಾಟ, ಬಾಯಿಯಿಂದ ಹಣ್ಣು ಕೊಳೆತಂಥ ವಾಸನೆ, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು. ಹೊಟ್ಟೆನೋವು ವಾಂತಿ ನೋಡಿ ಗ್ಯಾಸ್ಟ್ರಿಕ್ ಎಂದೋ, ತಿಂದದ್ದು ಸೇರಲಿಲ್ಲ ಎಂದೋ, ದೃಷ್ಟಿಯಾಗಿದೆ ಎಂದೋ ಒಂದೆರಡು ದಿನ ಕಳೆದರೆ ಜೀವಕ್ಕೇ ಅಪಾಯ. ಈ ಹಂತದಲ್ಲಿ 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗಬೇಕು. ನಮಗೆ ಹುಬ್ಬಳ್ಳಿಯ ಕಿಮ್ಸ್ ದೂರವೇನಲ್ಲ. ಯಮನೂರಿಗೆ ಹರಕೆ ಹೊತ್ತವರು ಹರಕೆ ತೀರಿಸಲಿ, ಆದರೆ ಮೊದಲು ಬೆರಳ ತುದಿಯಿಂದ ಒಂದು ಹನಿ ರಕ್ತ ಕೊಟ್ಟು ಶುಗರ್ ನೋಡಿಸಲಿ. ಗ್ಲುಕೋಮೀಟರ್ ಪರೀಕ್ಷೆಗೆ ಒಂದು ನಿಮಿಷವೂ ಬೇಡ, ಬರಿಹೊಟ್ಟೆಯಲ್ಲಿ ಇರಬೇಕೆಂದೂ ಇಲ್ಲ. ಈ ಲಕ್ಷಣಗಳ ಜೊತೆಗೆ ಯಾವ ಹೊತ್ತಿನಲ್ಲಾದರೂ ಸಕ್ಕರೆ 200 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಅದು ಮಧುಮೇಹ. ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರ ಬಳಿ ಹೋಗಬೇಕು.

ಮೈತೂಕ ಹೆಚ್ಚಿರುವ ಹದಿಹರೆಯದವರಲ್ಲಿ ಈಗ ದೊಡ್ಡವರಿಗೆ ಬರುವ ಟೈಪ್ 2 ಕೂಡ ಕಾಣುತ್ತಿದೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುವುದು ಅದರ ಮುನ್ಸೂಚನೆಯಾಗಿರಬಹುದು. ಕೊಳೆ ಎಂದು ತಿಕ್ಕಿ ತೊಳೆದರೆ ಹೋಗುವುದಿಲ್ಲ.

ಮತ್ತೆ ಬ್ಯಾಂಟಿಂಗ್ ಅವರತ್ತ. ಲೆನಾರ್ಡ್ ಬದುಕಿದ ಸುದ್ದಿ ಹರಡಿತು. ಎಲ್ಲೆಲ್ಲಿಂದಲೋ ತಂದೆ ತಾಯಿಯರ ಪತ್ರಗಳು ಬರತೊಡಗಿದವು. ಮದ್ದು ಮಾತ್ರ ಬೊಗಸೆಯಷ್ಟೂ ಇರಲಿಲ್ಲ. ಅಂಥ ಒಂದು ಪತ್ರ ಅಮೆರಿಕದ ವಿದೇಶಾಂಗ ಸಚಿವ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಪತ್ನಿಯದು. ಅವರ ಮಗಳು ಎಲಿಜಬೆತ್‌ಗೆ 1919ರಲ್ಲಿ, 11ನೇ ವಯಸ್ಸಿನಲ್ಲಿ, ಮಧುಮೇಹ ಬಂದಿತ್ತು. ಮೂರು ವರ್ಷ ಉಪವಾಸದ ಚಿಕಿತ್ಸೆಯಲ್ಲಿ ಜೀವ ಹಿಡಿದುಕೊಂಡಿದ್ದಳು. ಮದ್ದಿಲ್ಲ ಎಂದು ಬ್ಯಾಂಟಿಂಗ್ ಮೊದಲು ಒಪ್ಪಲಿಲ್ಲ. ಆಗಸ್ಟಿನಲ್ಲಿ ಸ್ವಲ್ಪ ಮದ್ದು ಕೈಗೆ ಬಂದಾಗ ಬರಹೇಳಿದರು. 1922ರ ಆಗಸ್ಟ್ 16ರಂದು ಟೊರಾಂಟೊಗೆ ಬಂದಾಗ, 15 ತುಂಬಲು ಮೂರು ದಿನ ಬಾಕಿಯಿದ್ದ ಆ ಹುಡುಗಿಯ ತೂಕ 45 ಪೌಂಡ್, ಸುಮಾರು 20 ಕಿಲೊ. ಸಿಮೆಂಟಿನ ಒಂದು ಚೀಲವೇ 50 ಕಿಲೊ ಇರುತ್ತದೆ. ಕೆಲವೇ ವಾರಗಳಲ್ಲಿ ಅವಳು ಬ್ರೆಡ್ಡು, ಆಲೂಗಡ್ಡೆ ತಿನ್ನತೊಡಗಿದಳು, ಮೈ ತುಂಬಿಕೊಂಡಳು. ಅದೇ ಬೇಸಿಗೆಯಲ್ಲಿ ಬಂದ ಟೆಡ್ಡಿ ರೈಡರ್ ಎಂಬ ಐದು ವರ್ಷದ ಹುಡುಗ ಬರೀ 12 ಕಿಲೊ ಇದ್ದ. ಅವನೂ ಉಳಿದ.

ಇಂಥ ಮದ್ದು ಕೈಯಲ್ಲಿದ್ದಾಗ ಎಷ್ಟು ಹಣ ಮಾಡಬಹುದಿತ್ತು! ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಪೇಟೆಂಟಿನ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಬಿಟ್ಟುಕೊಟ್ಟರು. ಮೊದಲ ತಿಂಗಳು 4 ಡಾಲರ್ ಗಳಿಸಿದ ವೈದ್ಯರು ಇಲ್ಲಿ ಅದಕ್ಕಿಂತ ಕಡಿಮೆ ತೆಗೆದುಕೊಂಡರು.

ಅವರು ಸಂತರೇನೂ ಆಗಿರಲಿಲ್ಲ. ಕೋಪ ಜಾಸ್ತಿ. ಸಂಶೋಧನೆಯ ಹೆಸರು ಯಾರಿಗೆ ಸಲ್ಲಬೇಕು ಎಂಬ ವಿಷಯಕ್ಕೆ ಕಾಲಿಪ್ ಜೊತೆ ಕೈಕೈ ಮಿಲಾಯಿಸುವವರೆಗೂ ಹೋಗಿದ್ದರು. 1923ರಲ್ಲಿ ನೊಬೆಲ್ ಪ್ರಶಸ್ತಿ ಅವರಿಗೂ ಮೆಕ್ಲಾಯ್ಡ್ ಅವರಿಗೂ ಬಂದಾಗ, ತಮ್ಮ ಜೊತೆ ದುಡಿದ ಬೆಸ್ಟ್ ಹೆಸರಿಲ್ಲವೆಂದು ಸಿಟ್ಟಾದರು. ಕೊನೆಗೆ ತಮ್ಮ ಪಾಲಿನ ಹಣದಲ್ಲಿ ಅರ್ಧ ಬೆಸ್ಟ್‌ಗೆ ಕೊಟ್ಟರು. ಮೆಕ್ಲಾಯ್ಡ್ ತಮ್ಮ ಪಾಲಿನಲ್ಲಿ ಅರ್ಧವನ್ನು ಕಾಲಿಪ್‌ಗೆ ಕೊಟ್ಟರು. ರುಮೇನಿಯಾದ ಪಾವ್ಲೆಸ್ಕು ಎಂಬ ವಿಜ್ಞಾನಿಯೂ 1921ರಲ್ಲೇ ಇಂಥ ರಸದ ಬಗ್ಗೆ ಪ್ರಕಟಿಸಿದ್ದರು, ಅವರಿಗೆ ಯಾವ ಪಾಲೂ ಸಿಗಲಿಲ್ಲ. ವೈದ್ಯಕೀಯದಲ್ಲಿ ನೊಬೆಲ್ ಪಡೆದ ಅತಿ ಕಿರಿಯರು ಇಂದಿಗೂ ಬ್ಯಾಂಟಿಂಗ್ ಅವರೇ, ಆಗ ಅವರಿಗೆ 32 ವರ್ಷ.

ಒಂದು ಅನುಮಾನ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಕಾಲದಲ್ಲಿ ಇನ್ಸುಲಿನ್ ದನ ಮತ್ತು ಹಂದಿಯ ಗ್ರಂಥಿಯಿಂದ ಬರುತ್ತಿತ್ತು. 1980ರ ದಶಕದಿಂದ ಮನುಷ್ಯರ ಇನ್ಸುಲಿನ್ನನ್ನೇ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ತಯಾರಿಸುತ್ತಾರೆ. ನಾವು ಚಿತ್ರ ಬರೆಯುವ ಪಾಠ ಅದೇ. ಇಂದು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಆ ಇನ್ಸುಲಿನ್ನನ್ನೇ. ಹಾಗಾಗಿ ಪ್ರಾಣಿಯ ಹೆಸರಿನಲ್ಲಿ ಮದ್ದು ಬಿಡುವುದು ಬೇಡ. ಅನುಮಾನವಿದ್ದರೆ ಬಾಟಲಿಯ ಮೇಲೆ ಬರೆದದ್ದನ್ನು ಓದಿಸಿಕೊಳ್ಳಬಹುದು. ಹಾಗಲಕಾಯಿ ರಸ, ಬೇರು, ಪುಡಿ ಯಾವುದೂ ಟೈಪ್ 1ರಲ್ಲಿ ಇನ್ಸುಲಿನ್ ಜಾಗಕ್ಕೆ ಬರಲಾರದು. ಎರಡು ದಿನ ಬಿಟ್ಟರೂ ಲೆನಾರ್ಡ್‌ನ ಸ್ಥಿತಿಗೆ ಮರಳಬೇಕಾಗಬಹುದು.

ಗುರುಗಳಲ್ಲಿ ಒಂದು ವಿನಂತಿ. ಇನ್ಸುಲಿನ್ ತೆಗೆದುಕೊಳ್ಳುವ ವಿದ್ಯಾರ್ಥಿ ತರಗತಿಯಲ್ಲಿದ್ದರೆ, ಹಸಿವಾದಾಗ ತಿನ್ನಲು, ನೀರು ಕುಡಿಯಲು, ಹೊರಗೆ ಹೋಗಲು ಕಾರಣ ಕೇಳದೆ ಬಿಡಬೇಕು. ಅಂಥವರು ಇದ್ದಕ್ಕಿದ್ದಂತೆ ನಡುಗಿ, ಬೆವರಿ, ತಡವರಿಸಿ ಮಾತಾಡಿದರೆ ಅದು ಸಕ್ಕರೆ ಇಳಿದ ಗುರುತು. ಆಗ ಮಾತ್ರ ಎರಡು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಬ್ಯಾಂಟಿಂಗ್ ಮುಂದೆ ಇನ್ಸುಲಿನ್‌ನಷ್ಟು ದೊಡ್ಡದನ್ನು ಏನೂ ಕಂಡುಹಿಡಿಯಲಿಲ್ಲ. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು. ಎ. ವೈ. ಜಾಕ್ಸನ್ ಎಂಬ ಹೆಸರಾಂತ ಚಿತ್ರಕಾರರ ಜೊತೆ ಹಿಮದ ನಾಡುಗಳಿಗೆ ಹೋಗಿ ಚಿತ್ರ ಬರೆದು ತರುತ್ತಿದ್ದರು. 1934ರಲ್ಲಿ ಸರ್ ಪದವಿ ಬಂತು. ಎರಡನೇ ಮಹಾಯುದ್ಧ ಬಂದಾಗ ವಿಮಾನ ಹಾರಿಸುವವರ ಆರೋಗ್ಯದ ಬಗ್ಗೆ ಸಂಶೋಧನೆ ನಡೆಸಿದರು. ಆ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟ ವಿಮಾನ 1941ರ ಫೆಬ್ರುವರಿ 20ರ ರಾತ್ರಿ ನ್ಯೂಫೌಂಡ್‌ಲ್ಯಾಂಡ್‌ನ ಹಿಮದಲ್ಲಿ ಬಿತ್ತು. ಪೈಲಟ್ ಒಬ್ಬರೇ ಬದುಕಿದರು. ಗಾಯಗೊಂಡ ಬ್ಯಾಂಟಿಂಗ್ ಮರುದಿನ ತೀರಿಕೊಂಡರು. ಅವರಿಗೆ 49 ವರ್ಷ.

ಲೆನಾರ್ಡ್ ಥಾಂಪ್ಸನ್ ಇನ್ಸುಲಿನ್‌ನಿಂದ 13 ವರ್ಷ ಹೆಚ್ಚು ಬಾಳಿ 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಿದ್ದ. ಟೆಡ್ಡಿ ರೈಡರ್ 1993ರವರೆಗೆ ಇದ್ದರು. ಎಲಿಜಬೆತ್ ಓದು ಮುಗಿಸಿ, ಮದುವೆಯಾಗಿ, ಮೂರು ಮಕ್ಕಳ ತಾಯಿಯಾಗಿ 1981ರಲ್ಲಿ, 73ನೇ ವಯಸ್ಸಿನಲ್ಲಿ ನಿಧನರಾದರು. ಜೀವಮಾನದಲ್ಲಿ ಅವರು ತೆಗೆದುಕೊಂಡ ಚುಚ್ಚುಮದ್ದುಗಳು ಸುಮಾರು 42,000. ತಮಗೆ ಮಧುಮೇಹವಿದೆ ಎಂಬುದನ್ನು ಮನೆಯವರನ್ನು ಬಿಟ್ಟು ಹೆಚ್ಚಿನವರಿಗೆ ಅವರು ಕೊನೆಯವರೆಗೂ ಹೇಳಿರಲಿಲ್ಲ.